ಮನೆ ಕೆಲಸ ಅರ್ಧಕ್ಕೆ ಬಿಟ್ಟು ಇಬ್ಬರೇ ಹೊರಟು ಬಂದವರ ಅನುಭವಗಳು

ಪ್ರಶ್ನೆ:

ನಮಗೆ 5 ವರ್ಷದ ಮಗಳು, 2 ವರ್ಷದ ಮಗ. ನಾನೂ ನನ್ನ ಗಂಡನೂ ಕೆಲಸಕ್ಕೆ ಹೋಗುತ್ತೇವೆ. ಹಳೆಯ ಮನೆಯೊಂದನ್ನು ಕೊಂಡು, ರಜೆಯ ದಿನಗಳಲ್ಲಿ ನಾವೇ ದುರಸ್ತಿ ಮಾಡಿಕೊಳ್ಳುತ್ತಿದ್ದೇವೆ. ಒಂದು ಕೋಣೆಗೆ ಬಣ್ಣ ಅರ್ಧ ಆಗಿದೆ, ಬಚ್ಚಲುಮನೆಯ ಹಿಂದಿನ ಗೋಡೆಯಲ್ಲಿ ತೇವ ಏರುತ್ತಿದೆ, ಕಪಾಟಿನ ಬಾಗಿಲುಗಳು ಇನ್ನೂ ಗೋಡೆಗೆ ಒರಗಿಕೊಂಡೇ ಇವೆ. ಇದೆಲ್ಲ ಮುಗಿಯಲಿ, ಆಮೇಲೆ ಇಬ್ಬರೇ ಎಲ್ಲಾದರೂ ಹೋಗಿ ಬರೋಣ ಎನ್ನುತ್ತಲೇ ಎರಡು ವರ್ಷ ಕಳೆದವು. ಈಗ ನಮ್ಮಿಬ್ಬರ ನಡುವೆ ಮೊಳೆ, ಬಣ್ಣ, ಮಕ್ಕಳ ಔಷಧಿ ಬಿಟ್ಟರೆ ಬೇರೆ ಮಾತೇ ಉಳಿದಿಲ್ಲ. ಮಕ್ಕಳನ್ನು ನೋಡಿಕೊಳ್ಳಲು ನನ್ನ ತಾಯಿ ಒಪ್ಪಿದ್ದಾರೆ. ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೋಗಬಹುದೇ? ಹೀಗೆ ಹೋಗಿ ಬಂದವರು ದಯವಿಟ್ಟು ತಿಳಿಸಿ.

ಒಂದನೆಯ ಉತ್ತರ:

ತಂಗಿ, ನಾವು ಹೀಗೆ ಕಾದದ್ದು ನಾಲ್ಕು ವರ್ಷ. ಹೋಗಬಹುದೇ ಎಂದು ಕೇಳಿದ್ದೀರಿ. ಹೋಗಲೇಬೇಕು ಎಂದು ಹೇಳುತ್ತೇನೆ. ಮೊದಲು ದಿನ ಗೊತ್ತು ಮಾಡಿ. ಆಮೇಲೆ ಆ ದಿನದ ಒಳಗೆ ಯಾವ ಕೆಲಸ ಹಿಡಿಸುತ್ತದೆ ಎಂದು ನೋಡಿ. ನಾವು ಇದನ್ನು ತಲೆಕೆಳಗು ಮಾಡಿ ಕೆಟ್ಟೆವು. ಒಂದು ಗೋಡೆಗೆ ಬಣ್ಣ ಬಳಿದರೆ ಪಕ್ಕದ ಗೋಡೆ ಮಂಕಾಗಿ ಕಾಣುತ್ತಿತ್ತು, ಅದಕ್ಕೂ ಬಳಿದರೆ ಬಾಗಿಲು ಹಳತಾಗಿ ಕಾಣುತ್ತಿತ್ತು. ಇನ್ನು ಸಾಕು ಎಂದು ಹಳೆಯ ಮನೆ ತಾನಾಗಿ ಎಂದೂ ಹೇಳುವುದಿಲ್ಲ. ಆ ಮಾತನ್ನು ನಾವೇ ಹೇಳಬೇಕು.

ಆದರೆ ಎಲ್ಲಿ ನಿಲ್ಲಿಸುತ್ತೀರಿ ಎಂಬುದು ಮುಖ್ಯ. ಬಣ್ಣವನ್ನು ಗೋಡೆಯ ನಡುವೆ ನಿಲ್ಲಿಸಬೇಡಿ. ಮೂಲೆಯಿಂದ ಮೂಲೆಗೆ ಒಂದು ಗೋಡೆ ಮುಗಿಸಿ ಕೈ ತೊಳೆದುಕೊಳ್ಳಿ. ನಡುವೆ ಬಿಟ್ಟರೆ ಒಣಗಿದ ಅಂಚಿನ ಗೆರೆ ಆಮೇಲೆ ಎಷ್ಟು ಬಳಿದರೂ ಎದ್ದು ಕಾಣಬಹುದು. ನೀರು ಬೆರೆಸುವ ಎಮಲ್ಷನ್ ಬಣ್ಣವಾದರೆ ಒಂದು ಸಲ ಬಳಿದದ್ದಕ್ಕೂ ಮುಂದಿನ ಸಲ ಬಳಿಯುವುದಕ್ಕೂ ನಡುವೆ ಸಾಮಾನ್ಯವಾಗಿ 4ರಿಂದ 6 ಗಂಟೆ ಬಿಡುವು ಕೊಡಬೇಕು, ತೇವದ ಹವೆಯಲ್ಲಿ ಇನ್ನೂ ಹೆಚ್ಚು. ಮುಟ್ಟಿದರೆ ಒಣಗಿದಂತಿದ್ದರೂ ಒದ್ದೆ ಬಟ್ಟೆಯಲ್ಲಿ ಉಜ್ಜಿ ಒರೆಸುವಷ್ಟು ಗಟ್ಟಿಯಾಗಲು ಕೆಲವು ವಾರಗಳೇ ಹಿಡಿಯುತ್ತವೆ. ಆದ್ದರಿಂದ ಹೊರಡುವ ಹಿಂದಿನ ವಾರ ಕೊನೆಯ ಕೋಟು ಕೊಟ್ಟು, ಕಿಟಕಿ ತೆರೆದಿಟ್ಟು ವಾಸನೆ ಹೋಗಲು ಬಿಡಿ. ಹೊರಡುವ ದಿನ ಆ ಕೋಣೆಗೆ ಬೀಗ ಹಾಕಿ. ಗೋಡೆ ತನ್ನ ಪಾಡಿಗೆ ಗಟ್ಟಿಯಾಗುತ್ತಿರಲಿ.

ಅಂಚಿಗೆ ಅಂಟಿಸಿದ ಟೇಪನ್ನು ಮಾತ್ರ ಮರೆಯಬೇಡಿ. ನಾವು ಕಿಟಕಿಯ ಸುತ್ತ ನೀಲಿ ಟೇಪು ಬಿಟ್ಟು ಹೋಗಿದ್ದೆವು. ಬಂದ ಮೇಲೆ ನನ್ನ ಗಂಡ ಅದನ್ನು ಎಳೆದರೆ, ಟೇಪಿನ ಜೊತೆ ಬೆರಳಗಲದ ಬಣ್ಣದ ಪಟ್ಟಿಯೇ ಸಿಪ್ಪೆಯ ಹಾಗೆ ಸುಲಿದು ಬಂತು. ಬಣ್ಣ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಅದನ್ನು ಓರೆಯಾಗಿ ನಿಧಾನಕ್ಕೆ ಎಳೆದು ತೆಗೆಯಬೇಕು.

ಇನ್ನೊಂದು ಮಾತು. ಗೋಡೆಗೆ ಒರಗಿಸಿದ ಬಾಗಿಲುಗಳ ಬಗ್ಗೆ ಓದಿ ನನ್ನ ಎದೆ ಧಸಕ್ಕೆಂದಿತು. ಎರಡು ವರ್ಷದ ಮಗು ಹಿಡಿದು ಎದ್ದು ನಿಲ್ಲಲು ನೋಡುವುದು ಅಂಥದ್ದನ್ನೇ. ಪ್ರವಾಸದ ಮಾತು ಹಾಗಿರಲಿ, ಇಂದು ಸಂಜೆಯೇ ಅವನ್ನು ನೆಲದ ಮೇಲೆ ಅಡ್ಡ ಮಲಗಿಸಿ, ಬೀಗ ಹಾಕುವ ಕೋಣೆಗೆ ಸಾಗಿಸಿ. ಕೆಲಸ ಚೆನ್ನಾಗಿ ಕಾಣುವುದು ತಡವಾದರೂ ನಡೆಯುತ್ತದೆ, ಮಗುವಿಗೆ ಅಪಾಯವಾಗುವಂಥದ್ದನ್ನು ಸರಿಪಡಿಸುವುದನ್ನು ಒಂದು ದಿನವೂ ಮುಂದೂಡಬಾರದು. ಹೊರಡುವ ಮುನ್ನ ನಾವು ಕೆಲಸಗಳನ್ನು ವಿಂಗಡಿಸಿದ್ದು ಈ ಒಂದೇ ಅಳತೆಯಿಂದ. ಬಾಯಿ ತೆರೆದ ಸ್ವಿಚ್ ಬಾಕ್ಸ್, ಚೂಪು ಮೊಳೆ, ಅಲುಗಾಡುವ ಕಪಾಟು ಇವು ಮೊದಲು. ಉಳಿದದ್ದೆಲ್ಲ ವಾಪಸ್ ಬಂದ ಮೇಲೆ.

ಎರಡನೆಯ ಉತ್ತರ:

ಮನೆ ದುರಸ್ತಿಯೇ ನನ್ನ ಕಸುಬು, ಆದ್ದರಿಂದ ತೇವದ ಗೋಡೆಯ ಬಗ್ಗೆ ಮಾತ್ರ ಹೇಳುತ್ತೇನೆ. ದಯವಿಟ್ಟು ಹೊರಡುವ ಆತುರದಲ್ಲಿ ಅದರ ಮೇಲೆ ಪುಟ್ಟಿ ಮೆತ್ತಬೇಡಿ. ತೇವದ ಮೂಲ ತಿಳಿಯದೆ ಮುಚ್ಚಿದ ಗೋಡೆ ಮತ್ತೆ ಉಬ್ಬಿ ಉದುರುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಕಲೆಯ ಅಂಚಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ. ಗೆರೆ ದಾಟಿತೋ ಇಲ್ಲವೋ, ಬಂದ ಮೇಲೆ ಕಣ್ಣಿಗೇ ಕಾಣುತ್ತದೆ. ಒಂದು ಚೌಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ, ಒಂದೆರಡು ದಿನ ಬಿಡಿ. ಹನಿಗಳು ಹಾಳೆಯ ಒಳಬದಿಯಲ್ಲಿ ಕೂಡಿದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹೊರಮೈ ಮೇಲೆ ಕೂಡಿದರೆ ಅದು ಕೋಣೆಯ ಹಬೆ. ಈ ಎರಡಕ್ಕೂ ಮದ್ದು ಬೇರೆ ಬೇರೆ.

ಕೊಳವೆ ಸೋರುತ್ತಿದೆಯೇ ಎಂದು ನೋಡಲು ರಾತ್ರಿ ಎಲ್ಲ ನಲ್ಲಿಗಳನ್ನು ಮುಚ್ಚಿ ನೀರಿನ ಮೀಟರ್ ಗುರುತು ಹಾಕಿಕೊಳ್ಳಿ. ಒಂದು ಗಂಟೆಯ ನಂತರ ಅಂಕಿ ಸರಿದಿದ್ದರೆ ಮೀಟರಿನಿಂದ ಈಚೆಗೆ ಎಲ್ಲೋ ಸೋರಿಕೆ ಇದೆ. ಹೊರಡುವ ಮುನ್ನ ನೀರಿನ ಮುಖ್ಯ ವಾಲ್ವ್ ಎಲ್ಲಿದೆ, ಯಾವ ಕಡೆ ತಿರುಗಿಸಬೇಕು ಎಂದು ಅಜ್ಜಿಗೆ ತೋರಿಸಿ, ಅವರ ಕೈಯಿಂದಲೇ ಒಮ್ಮೆ ತಿರುಗಿಸಿ ನೋಡಲಿ. ಹಳೆಯ ವಾಲ್ವ್ ಕೆಲವೊಮ್ಮೆ ಬಿಗಿದುಕೊಂಡಿರುತ್ತದೆ.

ಕಪಾಟಿಗೆ ಅಗಸೆ ಎಣ್ಣೆ ಅಥವಾ ಅಂಥ ಎಣ್ಣೆಯ ಪಾಲಿಶ್ ಹಚ್ಚಿದ್ದರೆ, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದು ಹೋಗಬೇಡಿ. ಆ ಎಣ್ಣೆ ಗಾಳಿಯೊಡನೆ ಸೇರಿ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಹೋಗದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ.

ಮೂರನೆಯ ಉತ್ತರ:

ನಾನು ಗಂಡನ ಕಡೆಯಿಂದ ಹೇಳುತ್ತೇನೆ. ನಾವು ಹೋದ ಮೊದಲ ದಿನ ಇಬ್ಬರೂ ನಿದ್ದೆ ಮಾಡಿದೆವು. ಸಂಜೆ ಎದ್ದು ಎದುರುಬದುರು ಕುಳಿತರೆ ಮಾತೇ ಬರಲಿಲ್ಲ. ನನಗೆ ನಿಜಕ್ಕೂ ಭಯವಾಯಿತು. ನಮ್ಮ ನಡುವೆ ಏನೂ ಉಳಿದಿಲ್ಲವೇನೋ ಅನಿಸಿತು. ಮರುದಿನ ಬೆಳಿಗ್ಗೆ ನಡೆಯಲು ಹೋದಾಗ ಅವಳು ತಾನಾಗಿ ತನ್ನ ಕಚೇರಿಯ ವಿಷಯ ತೆಗೆದಳು. ಆರು ತಿಂಗಳಿಂದ ಅವಳು ಒಬ್ಬಳೇ ನುಂಗಿಕೊಂಡಿದ್ದ ಸಂಗತಿ ಅದು. ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಅದಕ್ಕೇ ಹೇಳುತ್ತೇನೆ, ಮೊದಲ ಸಂಜೆಯ ಮೌನಕ್ಕೆ ಹೆದರಬೇಡಿ. ನೋಡುವ ಜಾಗಗಳನ್ನು ಗಂಟೆಗಂಟೆಗೂ ತುಂಬಿಕೊಳ್ಳಲೂ ಬೇಡಿ.

ಮನೆ ಕೆಲಸದ ಮಾತೇ ಆಡಬಾರದು ಎಂದು ನಿಯಮ ಮಾಡಿದವರಿದ್ದಾರೆ. ನಮಗೆ ಅದು ಒಗ್ಗಲಿಲ್ಲ, ತಡೆದಷ್ಟೂ ತಲೆಯಲ್ಲಿ ಅದೇ ಸುತ್ತುತ್ತಿತ್ತು. ಕೊನೆಯ ದಿನ ಒಂದು ಗಂಟೆ ಅದಕ್ಕೇ ಮೀಸಲಿಟ್ಟೆವು. ಆಗ ಹೊಳೆದದ್ದು ಇದು: ನಾನು ಗೋಡೆ ಕೊರೆಯುತ್ತಿದ್ದೆ, ಆದರೆ ಯಾವ ಸ್ಕ್ರೂ ತರಬೇಕು, ಯಾವಾಗ ತರಬೇಕು, ಧೂಳು ಯಾರು ಗುಡಿಸಬೇಕು ಎಂಬುದೆಲ್ಲ ಅವಳ ತಲೆಯಲ್ಲಿತ್ತು. ಆ ದಿನದಿಂದ ಕೆಲಸ ಒಬ್ಬರದೆಂದರೆ ಪಟ್ಟಿ ಬರೆಯುವುದರಿಂದ ಕಸ ಗುಡಿಸುವವರೆಗೆ ಅವರದೇ. ನಮ್ಮ ಜಗಳಗಳಲ್ಲಿ ಅರ್ಧಕ್ಕರ್ಧ ಅಲ್ಲಿಗೆ ನಿಂತವು.

ಪ್ರಶ್ನೆ ಕೇಳಿದವರು:

ಬಾಗಿಲುಗಳನ್ನು ನಿನ್ನೆಯೇ ಮಲಗಿಸಿದೆವು ಅಕ್ಕ, ತುಂಬಾ ಧನ್ಯವಾದಗಳು. ಅದು ನಮ್ಮ ಗಮನಕ್ಕೇ ಬಂದಿರಲಿಲ್ಲ. ಮುಂದಿನ ತಿಂಗಳು ಎರಡು ರಾತ್ರಿಗೆ ದಿನವನ್ನೂ ಗೊತ್ತು ಮಾಡಿದ್ದೇವೆ. ಆದರೆ ಮಗ ರಾತ್ರಿ ನನ್ನ ಕೈ ಹಿಡಿದೇ ಮಲಗುವವನು. ಅವನು ಮಲಗಿದ ಮೇಲೆ ಸದ್ದಿಲ್ಲದೆ ಹೊರಡುವುದು ಒಳ್ಳೆಯದೇ?

ಒಂದನೆಯ ಉತ್ತರ ಬರೆದವರು:

ಬೇಡ ತಂಗಿ, ಹೇಳದೆ ಹೋಗಬೇಡಿ. ನಾವು ಒಮ್ಮೆ ಹಾಗೆ ಮಾಡಿದ್ದಕ್ಕೆ ನನ್ನ ಮಗ ಆಮೇಲೆ ಹಲವು ರಾತ್ರಿ ನಿದ್ದೆಯಲ್ಲಿ ಎದ್ದು ಎದ್ದು ನಾನಿದ್ದೇನೆಯೇ ಎಂದು ತಡವಿ ನೋಡುತ್ತಿದ್ದ. ತಾಯಿಯನ್ನು ಅಗಲಿದಾಗಿನ ಅಂಜಿಕೆ ಸಾಮಾನ್ಯವಾಗಿ 8-10 ತಿಂಗಳಿಗೆ ಶುರುವಾಗಿ 3 ವರ್ಷದ ಹೊತ್ತಿಗೆ ಇಳಿಯುತ್ತದೆ. ನಿಮ್ಮ ಮಗ ಈಗ ಅದರ ನಡುವೆಯೇ ಇದ್ದಾನೆ. ಅಳಲಿ, ಆದರೂ ಎದುರಿಗೇ ಹೇಳಿ, ಮುತ್ತಿಟ್ಟು, ಬೇಗ ಹೊರಡಿ. ಬಾಗಿಲಲ್ಲಿ ನಿಂತು ನಾಲ್ಕು ಸಲ ಹಿಂತಿರುಗಿ ನೋಡಿದರೆ ಅವನ ಅಳು ಹೆಚ್ಚುತ್ತದೆ.

ಮಗಳಿಗೆ ನಾಲ್ಕು ದಿನ ಮೊದಲೇ ಹೇಳಿ, ಕ್ಯಾಲೆಂಡರಿನಲ್ಲಿ ಹೊರಡುವ ದಿನ, ಬರುವ ದಿನ ಎರಡನ್ನೂ ಅವಳ ಕೈಯಲ್ಲೇ ಬಣ್ಣ ಹಾಕಿಸಿ. ಮಗನಿಗೆ ಅಂದು ಬೆಳಿಗ್ಗೆ ಹೇಳಿದರೆ ಸಾಕು, 'ನಾಳಿದ್ದು' ಎಂಬುದು ಅವನಿಗೆ ಇನ್ನೂ ತಿಳಿಯದು. ಮಕ್ಕಳನ್ನು ಬೇರೆ ಮನೆಗೆ ಕಳಿಸುವ ಬದಲು ನಿಮ್ಮ ತಾಯಿಯೇ ನಿಮ್ಮಲ್ಲಿಗೆ ಬರಲಿ. ಅದೇ ಹಾಸಿಗೆ, ಅದೇ ದೀಪ ಇದ್ದರೆ ಅರ್ಧ ಸಮಾಧಾನ. ಅದಕ್ಕೂ ಮೊದಲು, ನೀವು ಮನೆಯಲ್ಲಿರುವಾಗಲೇ ಒಂದೆರಡು ರಾತ್ರಿ ಅಜ್ಜಿಯೇ ಅವನನ್ನು ಮಲಗಿಸಲಿ. ನೀವು ಪಕ್ಕದ ಕೋಣೆಯಲ್ಲಿರಿ, ಅತ್ತ ತಕ್ಷಣ ಓಡಿಬರಬೇಡಿ.

ಮಕ್ಕಳ ಈಗಿನ ತೂಕವನ್ನೂ ವೈದ್ಯರ ದೂರವಾಣಿ ಸಂಖ್ಯೆಯನ್ನೂ ಕಾಗದದಲ್ಲಿ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ಜ್ವರದ ಔಷಧಿಯ ಅಳತೆ ತೂಕದ ಮೇಲೆ ನಿಂತಿದೆ, ಒಂದೊಂದು ಸಿರಪ್ಪಿನ ಸಾಂದ್ರತೆಯೂ ಒಂದೊಂದು. ಆದ್ದರಿಂದ ನಿಮ್ಮಲ್ಲಿರುವ ಬಾಟಲಿಯನ್ನೇ ವೈದ್ಯರಿಗೆ ತೋರಿಸಿ, ಎಷ್ಟು ಮಿಲಿಲೀಟರ್ ಎಂದು ಕೇಳಿ ಬರೆದಿಡಿ. ಫೋನನ್ನು ಮಧ್ಯಾಹ್ನ ಮಾಡಿ. ಮಲಗುವ ಹೊತ್ತಿಗೆ ನಿಮ್ಮ ದನಿ ಕೇಳಿದರೆ ಅವನು ನಿಮ್ಮನ್ನು ಹುಡುಕುತ್ತಾನೆ, ಪಾಪ ಅಜ್ಜಿಗೆ ಆ ರಾತ್ರಿ ನಿದ್ದೆಯಿಲ್ಲ.