ಜಪಾನೀಸ್ ಕಲಿಕೆಗೆ ಭಾಷಾವಿಜ್ಞಾನದ ದಾರಿ: ಅನುಭವ ಇದ್ದವರು ಹೇಳಿ

ಪ್ರಶ್ನೆ: ಜಪಾನೀಸ್ ಭಾಷಾ ಪರೀಕ್ಷೆಯ ಮೊದಲ ಹಂತ ಎನ್5 ಹೇಗೋ ದಾಟಿದೆ. ಕ್ಲಾಸಿನಲ್ಲಿ ಎಲ್ಲವನ್ನೂ ಇಂಗ್ಲಿಷ್ ಮೂಲಕವೇ ಹೇಳಿಕೊಡುತ್ತಾರೆ, ತಲೆಗೆ ಹತ್ತುತ್ತಿಲ್ಲ. ಭಾಷೆಯ ರಚನೆ ನೋಡಿಕೊಂಡು ಕಲಿತವರು ಇದ್ದೀರಾ? ಎಲ್ಲಿಂದ ಶುರು ಮಾಡಲಿ?

ಉತ್ತರ 1: ಕನ್ನಡ ವ್ಯಾಕರಣದಿಂದ. ತಮಾಷೆ ಅಲ್ಲ. ಕ್ರಿಯಾಪದದ 'ತೆ' ರೂಪವನ್ನು ನಾನು ಮೂರು ವಾರ ಉರು ಹೊಡೆದಿದ್ದೆ. ಒಂದು ದಿನ 'ತಬೆತೆ ಮಿರು' ಎದುರಾಯಿತು. ತಬೆತೆ ಅಂದರೆ ತಿಂದು, ಮಿರು ಅಂದರೆ ನೋಡು. ತಿಂದು ನೋಡು! 'ತಬೆತೆ ಶಿಮತ್ತ' ತಿಂದುಬಿಟ್ಟೆ, 'ಶಿತೆ ಒಕು' ಮಾಡಿಡು. ನಮ್ಮ ಕೃದಂತಾವ್ಯಯವೇ. 'ಕಿನೋ ಕತ್ತ ಹೊನ್' ಅಂದರೆ ನಿನ್ನೆ ಕೊಂಡ ಪುಸ್ತಕ. ಪದದ ಕ್ರಮವೂ ಅದೇ.

ಇನ್ನು ಆದೇಶ ಸಂಧಿ. ಮಳೆ, ಕಾಲ ಸೇರಿ ಮಳೆಗಾಲ ಆದಂತೆ ಅವರಲ್ಲಿ ತೆ (ಕೈ), ಕಮಿ (ಕಾಗದ) ಸೇರಿ ತೆಗಮಿ, ಅಂದರೆ ಪತ್ರ. ಇದಕ್ಕೆ ರೆಂದಾಕು ಅನ್ನುತ್ತಾರೆ. ಕ ಹೋಗಿ ಗ ಬಂದದ್ದು ಸರಿ, ಆದರೆ ಹಿತೊ (ಮನುಷ್ಯ) ಎರಡು ಸಲ ಬಂದರೆ ಹಿತೊಬಿತೊ (ಜನರು). ಹ ಹೋಗಿ ಬ ಬರುವುದು ಯಾವ ನ್ಯಾಯ? ಅವರ ಹ ಒಂದು ಕಾಲದಲ್ಲಿ ಪ ಆಗಿತ್ತು, ನಮ್ಮ ಪಾಲು ಹಾಲಾದ ಹಾಗೆ! ಪ ಹೋಗಿ ಬ ಬಂದರೆ ಅದು ನಮ್ಮ ಆದೇಶ ಸಂಧಿಯೇ. ಗುರುತು ಅವರ ಅಕ್ಷರಮಾಲೆಯಲ್ಲೇ ಉಳಿದಿದೆ: ಅ ಕ ಸ ತ ನ ಹ ಮ ಯ ರ ವ. ಬೌದ್ಧ ಭಿಕ್ಷುಗಳ ಸಂಸ್ಕೃತ ಓದಿನ ಜೊತೆ ಹೋದ ಕ್ರಮ ಇದು. ನ, ಮ ನಡುವೆ ಪ ಇರಬೇಕಾದ ಜಾಗದಲ್ಲಿ ಹ ಕೂತಿದೆ. ಇದು ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಒಂದು ತಡೆ ಇದೆ. ಎರಡನೇ ಪದದೊಳಗೆ ಆಗಲೇ ಗ, ಝ, ದ, ಬ ಥರದ ಧ್ವನಿ ಇದ್ದರೆ ಆದೇಶ ಆಗದು. ಹಾಗಾಗಿ ಕಮಿ (ದೇವರು), ಕಝೆ (ಗಾಳಿ) ಸೇರಿದರೆ ಕಮಿಕಝೆ, ಕಮಿಗಝೆ ಅಲ್ಲ. 1894ರಲ್ಲಿ ಇದರ ಬಗ್ಗೆ ಬರೆದ ಲೈಮನ್ ಅಮೆರಿಕದ ಗಣಿ ಎಂಜಿನಿಯರ್. ನಿಯಮಕ್ಕೆ ಇವತ್ತಿಗೂ ಅವನ ಹೆಸರೇ.

ಉತ್ತರ 2: ಉಚ್ಚಾರಕ್ಕೆ ಪ್ರಸ್ತಾರ ಹಾಕಿ ನೋಡಿ. ಕಿತೆ (ಬಂದು) ಎರಡು ಮಾತ್ರೆ, ಕಿತ್ತೆ (ಅಂಚೆಚೀಟಿ) ಮೂರು, ಟೋಕ್ಯೋ ನಾಲ್ಕು. ಹೈಕುವಿನ 5-7-5 ಕೂಡ ಮಾತ್ರೆಯ ಲೆಕ್ಕವೇ. ಷಟ್ಪದಿ ಓದಿದ ಕಿವಿಗೆ ಇದು ಕಷ್ಟವಲ್ಲ.

ಉತ್ತರ 3: ಮೇಲಿನದೆಲ್ಲ ಒಪ್ಪಿದೆ, ಆದರೆ ಹೋಲಿಕೆ ಕಂಡ ಕೂಡಲೇ ನೆಂಟಸ್ತಿಕೆ ಹೂಡಬೇಡಿ. ಜಪಾನೀಸ್‌ಗೂ ತಮಿಳಿಗೂ ನಂಟಿದೆ ಎಂದು ಜಪಾನಿನ ವಿದ್ವಾಂಸ ಓನೊ ಸುಸುಮು ವಾದಿಸಿದ್ದರು, ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ನಾನು ಬಿದ್ದದ್ದು 'ಕೊಡು' ಅನ್ನುವಲ್ಲಿ. "ಸೆನ್ಸೇ ಗ ಹೊನ್ ಒ ಅಗೆಮಶಿತ" ಅಂದೆ, ಮೇಷ್ಟ್ರು ಪುಸ್ತಕ ಕೊಟ್ಟರು ಅಂತ. ಎದುರಿದ್ದವರು "ದರೆ ನಿ?" ಅಂದರು, ಯಾರಿಗೆ? ನನಗೇ ಅಲ್ಲವೇ! ಬೇರೆಯವರಿಗೆ ಕೊಟ್ಟರೆ ಅಗೆರು, ನನಗೆ ಕೊಟ್ಟರೆ ಕುರೆರು. ಕನ್ನಡದಲ್ಲಿ ಎರಡಕ್ಕೂ ಒಂದೇ ಕೊಡು. ಇಲ್ಲಿ ಹೋಲಿಕೆ ಕೈಕೊಡುತ್ತದೆ, ವಾಕ್ಯಗಳನ್ನೇ ಬಾಯಿಪಾಠ ಮಾಡಿ.