ಅಪ್‌ಡೇಟ್: ದಣಪೆಯಿಂದ (ಬೇಲಿಯ ಗೇಟಿನಿಂದ) ಅಂಗಳದವರೆಗಿನ ದಾರಿ ಈಗ ಗಟ್ಟಿಯಾಗಿದೆ

ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಮನೆಗೆ ನಾವೇ ಮಾಡಿಕೊಂಡ ಜೀಪು ದಾರಿ ಮಳೆಗೆ ಕೊಚ್ಚಿ ಹೋಗುತ್ತದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಮೊನ್ನೆಯ ಜೋರು ಮಳೆಗೆ ಅದು ಅಲುಗಾಡಲಿಲ್ಲ. ಕೆಲಸಕ್ಕೆ ಬಂದದ್ದು "ಮೊದಲು ನೀರಿಗೆ ದಾರಿ ಮಾಡಿ" ಅಂದವರ ಮಾತು. ಗುಡ್ಡದ ಬದಿಗೆ ಚರಂಡಿ ತೆಗೆದೆವು, ಏರಿನಲ್ಲಿ ಅಡ್ಡಕ್ಕೆ ಓರೆ ಕಾಲುವೆ ಕೊಟ್ಟೆವು, ಆಮೇಲೆ 40 ಎಂಎಂ ಜಲ್ಲಿ, ಅದರ ಮೇಲೆ ಗ್ರಾವೆಲ್ ಮಣ್ಣು ಹಾಕಿ ನಡು ಸ್ವಲ್ಪ ಎತ್ತರ ಬರುವಂತೆ ರೋಲರ್ ಹೊಡೆಸಿದೆವು. ಅದಕ್ಕೂ ಮೊದಲು ಬರೀ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಚೂರು ಹಾಕಿದ ಕಡೆ ಚಕ್ರದಡಿ ಪುಡಿಯಾಗಿ ಕೆಸರಾಯಿತು. ಹೊಳೆಯ ಗುಂಡುಕಲ್ಲೂ ನಿಲ್ಲಲಿಲ್ಲ. ಉರುಟು ಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ, ಒಡೆದ ಜಲ್ಲಿಯ ಮೂಲೆಗಳಿಂದಲೇ ಹಿಡಿತ ಬರುವುದು ಅಂತ ಗೊತ್ತಾಗಿ ನನಗೆ ಆಶ್ಚರ್ಯ ಆಯಿತು. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓರೆ ಕಾಲುವೆಯಲ್ಲಿ ಅಡಿಕೆ ಸೋಗೆ, ತರಗೆಲೆ ಸಿಕ್ಕಿಕೊಂಡರೆ ನೀರು ಮತ್ತೆ ದಾರಿಗೇ ಹತ್ತುತ್ತದೆ, ಪ್ರತಿ ಜೋರು ಮಳೆ ಆದ ಮೇಲೆ ಕೆರೆದು ಬಿಡಿ.