ಯಾವ ನೆಂಟರು?

ನಿನ್ನೆ ಬೆಳಗಿನ ಆಸರಿ ಹೊತ್ತಿಗೆ ನಮ್ಮ ‘ಅಜ್ಜನಮನೆ ಬಳಗ’ದಲ್ಲಿ ನಡೆದಿದ್ದು:

ಶಿರಸಿ ದೊಡ್ಡಪ್ಪ: ವೈರಸ್ ನಿಮ್ಮ ಜೀನ್‌ಗಳನ್ನೇ ಬದಲಿಸುತ್ತದೆ!! ಮೊಮ್ಮಕ್ಕಳಿಗೂ ಇಳಿಯುತ್ತದೆ!! ಎಲ್ಲರಿಗೂ ಕಳಿಸಿ 🙏 (ಫಾರ್ವರ್ಡ್)

ಹೆಗ್ಗರಣಿ ಅತ್ತೆ: ಅಯ್ಯೋ, ಮಂಗನ ಕಾಯಿಲೆನೂ ಹಾಂಗೇಯ? ನಾಳೆ ದರಕು ತರಲೆ ಬೆಟ್ಟಕ್ಕೆ ಹೋಗವು.

ಧಾರವಾಡ ತಂಗಿ: ದೊಡ್ಡಪ್ಪ, ಇದನ್ನ ಹೇಳಿದ್ದು ಯಾರು?

ದೊಡ್ಡಪ್ಪ: ವಿಜ್ಞಾನಿಗಳು.

ತಂಗಿ: ಯಾವ ವಿಜ್ಞಾನಿ?

ದೊಡ್ಡಪ್ಪ: ನಮ್ಮ ಕಾಲದಲ್ಲಿ ಹಿರಿಯರ ಹತ್ತಿರ ಪುರಾವೆ ಕೇಳುವ ರೂಢಿ ಇರಲಿಲ್ಲ.

ತಂಗಿ: ಹೆಚ್ಚಿನ ವೈರಸ್‌ಗಳು ಜೀನ್ ಬದಲಿಸೋದಿಲ್ಲ, ಜೀನಿನ ಕೆಲಸಕ್ಕೆ ಅಡ್ಡ ಹಾಕ್ತವೆ. ಫ್ಲೂ ವೈರಸ್ ನಮ್ಮ ಜೀನಿನ ಸಂದೇಶ ಒಯ್ಯುವ ಎಂಆರ್‌ಎನ್‌ಎ ತಲೆಯ ಟೊಪ್ಪಿ ಕತ್ತರಿಸಿ ತನ್ನದಕ್ಕೆ ತೊಡಿಸುತ್ತೆ. ಜೀವಕೋಶ ಮನೆಯದೇ ಅಂದುಕೊಂಡು ಓದುತ್ತೆ. ಕೊರೊನಾದ ಎನ್‌ಎಸ್‌ಪಿ1 ಪ್ರೋಟೀನು ರೈಬೋಸೋಮಿನಲ್ಲಿ (ಆ ಸಂದೇಶ ಓದಿ ಪ್ರೋಟೀನ್ ತಯಾರಿಸುವ ಯಂತ್ರ) ಎಂಆರ್‌ಎನ್‌ಎ ಹೊಗುವ ಕಂಡಿಗೇ ಬಿರಡೆ ಜಡಿಯುತ್ತೆ. ನಮ್ಮ ಪ್ರೋಟೀನ್ ತಯಾರಿ ಕುಸಿಯುತ್ತೆ, ಅದರದ್ದು ನಡೀತದೆ. ನೆಂಟರು ಬಂದು ಒಲೆ ಹಿಡಿದು, ಮನೆಯವರಿಗೆ ಗಂಜಿಯೂ ಇಲ್ಲದ ಹಾಗೆ ತಮ್ಮದೇ ಬೇಯಿಸಿಕೊಂಡಂತೆ.

ಅತ್ತೆ: ಯಾವ ನೆಂಟರು?

ತಂಗಿ: ಉದಾಹರಣೆ ಅತ್ತೆ!

ಅತ್ತೆ: ಉಪನಯನಕ್ಕೆ ಬಂದು ಹನ್ನೊಂದು ದಿನ ಉಳಿದಿದ್ದು ನಾವೇಯ. ಆ ಒಲೆ ಮುಂದೆ ಬೆಂದಿದ್ದೂ ಆನೇಯ. ನಿನ್ನ ಆಯಿ ಬೆನ್ನುನೋವು ಹೇಳಿ ಮಲಗಿತ್ತು.

(‘ಆಯಿ ಟೈಪ್ ಮಾಡುತ್ತಿದ್ದಾರೆ’ ಅಂತ ಐದು ನಿಮಿಷ ತೋರಿಸಿತು. ಏನೂ ಬರಲಿಲ್ಲ. ನಾನೂ ಅದೇ ಮನೆಯವನು, ಸುಮ್ಮನಿದ್ದೆ.)

ಕುಮಟಾ ಭಾವ: ಆ ಉಪನಯನದ ಅಪ್ಪೆಹುಳಿ! ಎರಡು ಲೋಟ ಕುಡಿದು ಅಲ್ಲೇ ಜಗಲಿಯಲ್ಲಿ ನಿದ್ದೆ. ಆ ಮಾವಿನ ಮರ ಈಗಲೂ ಇದ್ದಾ?

ದೊಡ್ಡಪ್ಪ: ಕಡಿಸಿದ್ದು ಯಾರು ಅಂತ ಗುಂಪಿನಲ್ಲಿ ಎಲ್ಲರಿಗೂ ಗೊತ್ತಿದೆ.

ತಂಗಿ: ವಿಷಯಕ್ಕೆ ಬನ್ನಿ. ಎಚ್‌ಐವಿಯಂಥ ಕೆಲವು ಮಾತ್ರ ನಮ್ಮ ಡಿಎನ್‌ಎಯೊಳಗೇ ಸೇರಿಕೊಳ್ತವೆ. ಹಾಗೆ ಹಿಂದೆ ಯಾವತ್ತೋ ಸೇರಿದ ವೈರಸ್‌ಗಳ ಪಳೆಯುಳಿಕೆಯೇ ನಮ್ಮ ಡಿಎನ್‌ಎಯಲ್ಲಿ ಸುಮಾರು ನೂರಕ್ಕೆ 8 ಪಾಲು ಇದೆ.

ದೊಡ್ಡಪ್ಪ: ನೋಡು! ಆನು ಹೇಳಿದ್ದೇ ಆತು. ಆ 8 ಹೆಗ್ಗರಣಿ ಕಡೆಯಿಂದ ಬಂದಿದ್ದು.

ಅತ್ತೆ: 😡

ತಂಗಿ: ಅತ್ತೆ, ಮಂಗನ ಕಾಯಿಲೆಯದು ಆರ್‌ಎನ್‌ಎ ವೈರಸ್, ಡಿಎನ್‌ಎಗೆ ಸೇರೋದಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾಗಿದ್ದು. ಹೆದರಬೇಕಾದ್ದು ಅದನ್ನು ಹರಡುವ ಉಣುಗಿಗೆ. ಉಣುಗು ದೂರ ಇಡೋ ಡೇಪಾ ಎಣ್ಣೆ ಹಚ್ಚಿಕೊಂಡು ಹೋಗಿ.

ಅತ್ತೆ: ಬಾಟ್ಲಿ ನಿನ್ನ ಆಯಿ ಒಯ್ದಿದ್ದು. ಇನ್ನೂ ತಿರುಗಿ ಬಂಜಿಲ್ಲೆ.